ಭಾನುವಾರದ ವಾಕ್ಯ

"ಭಾನುವಾರ ನನಗೆ ಬರೋಕಾಗಲ್ಲ," ಎಂದು ಸೇ ವಾ ಬಟ್ಟೆ ಒಣಗಿಸುವ ಯಂತ್ರಕ್ಕೆ ಇಂಗ್ಲಿಷಿನಲ್ಲಿ ಹೇಳಿದಳು. ಹೋಟೆಲಿನ ನೆಲಮಾಳಿಗೆಯ ಸದ್ದಿನಲ್ಲಿ ತಪ್ಪಿದರೂ ನಗುವವರಿಲ್ಲ. ಹೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಊಟದ ಹೊತ್ತಿಗೆ ಕಿವಿಗಿಟ್ಟು ಕೇಳಿ, ಎಡವಿದ ಕಡೆ ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯುವಳು. ದಿನಕ್ಕೆ ಇಪ್ಪತ್ತು ಸಲ, ನಾಲ್ಕು ತಿಂಗಳಿಂದ. ಮೇಷ್ಟ್ರೂ ಅವಳೇ, ಶಿಷ್ಯೆಯೂ ಅವಳೇ.

"ಮಿಷಿನ್ ಏನಂತೇ? ರಜ ಕೊಡುತ್ತಂತಾ?" ಎಂದಳು ಹಾಸಿಗೆ ಬಟ್ಟೆ ಮಡಚುತ್ತಿದ್ದ ಮೂ ಪಾ. ಬರ್ಮಾ ಬಿಟ್ಟು ಬಂದ ಕರೆನ್ ಜನರಿದ್ದ ಥಾಯ್ಲೆಂಡಿನ ನಿರಾಶ್ರಿತರ ಶಿಬಿರದಲ್ಲಿ ಸೇ ವಾಳನ್ನು ಎತ್ತಿ ಆಡಿಸಿದವಳು.

"ಯೋಚ್ನೆ ಮಾಡ್ತೀನಿ ಅಂತು ಅಕ್ಕ."

"ಗ್ರೆಟಾಗಿಂತ ವಾಸಿ ಬಿಡೇ."

ಸೇ ವಾಳ ಗಂಡ ಮೂರು ಗಂಟೆ ದೂರದ ಮಾಂಸದ ಕಾರ್ಖಾನೆಯಲ್ಲಿದ್ದ. ಇವರಿದ್ದ ಅಮೆರಿಕದ ಸೇಂಟ್ ಪಾಲ್ ಊರಿಗೆ ಬರುವುದು ಭಾನುವಾರ ಮಾತ್ರ. ಬೇಸಿಗೆಯಿಂದ ಮೇಲ್ವಿಚಾರಕಿ ಗ್ರೆಟಾ ಸೇ ವಾ ಒಬ್ಬಳನ್ನು ಆ ದಿನವೂ ಕರೆಯುತ್ತಿದ್ದಳು. ಅವನು ಒಳಗೆ ಬಂದರೆ ಇವಳು ಹೊರಗೆ. ಸಂಸಾರವೆಂದರೆ ಬಾಗಿಲಲ್ಲಿ ಬೀಗದ ಕೈ ಕೊಡುವುದು ಎಂಬಂತಾಗಿತ್ತು.

ಮಧ್ಯಾಹ್ನ ಗ್ರೆಟಾಳ ಕೋಣೆಯಲ್ಲಿ ಸೇ ವಾ ಆ ವಾಕ್ಯ ಹೇಳುವಾಗ ಒಂದಕ್ಷರವೂ ಎಡವಲಿಲ್ಲ.

ಗ್ರೆಟಾ ಪೆನ್ನು ಕೆಳಗಿಟ್ಟಳು. "ಅಯ್ಯೋ, ಎಷ್ಟು ಚೆನ್ನಾಗಿ ಮಾತಾಡ್ತೀಯ! ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ? ನೋಡು, ಮುಂದಿನ ವಾರದಿಂದ ನಿಮ್ಮೋರು ಆರು ಜನಾನೂ ಭಾನುವಾರ ಬರ್ಬೇಕು. ಅವ್ರಿಗೆ ಇಂಗ್ಲಿಷ್ ಬರಲ್ಲ, ಹೆಂಗಪ್ಪಾ ಹೇಳೋದು ಅಂತಿದ್ದೆ. ನೀನೇ ಹೇಳಿಬಿಡು. ಅವ್ರ ಜೊತೆ ನೀನಿರ್ಲೇಬೇಕು. ಆಯ್ತಾ?"

ಒಂದೊಂದು ಮಾತೂ ಸೇ ವಾಗೆ ಅರ್ಥವಾಯಿತು. ಆಗದಿದ್ದರೆ ಎಷ್ಟೋ ಚೆನ್ನಾಗಿತ್ತು. ತನ್ನ ವಾಕ್ಯವನ್ನು ಸಾವಿರ ಸಲ ಉರು ಹೊಡೆದಿದ್ದವಳು ಅದಕ್ಕೆ ಬರುವ ಉತ್ತರವನ್ನು ಒಮ್ಮೆಯೂ ನೆನೆದಿರಲಿಲ್ಲ. ಇಷ್ಟು ಹೊಗಳಿದವರ ಮುಖಕ್ಕೆ ಹೊಡೆದ ಹಾಗೆ ಇಲ್ಲವೆನ್ನುವುದು ನಮ್ಮ ಕರೆನ್ ಜನಕ್ಕೆ ಹುಟ್ಟಿನಿಂದಲೇ ಬಾರದು. "ಆಯ್ತು," ಎಂದಳು, ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ.

ಕೆಳಗೆ ಯಂತ್ರಗಳನ್ನು ನಿಲ್ಲಿಸಿ ಐವರಿಗೂ ವಿಷಯ ಹೇಳಿದಳು.

"ನಮ್ ಚರ್ಚು?" ಎಂದಳೊಬ್ಬಳು, ಮೆಲ್ಲಗೆ.

"ನಾನೇನ್ ಮಾಡ್ಲಿ? ಅವ್ರು ಹೇಳಿದ್ದನ್ನ ಹೇಳ್ದೆ."

ಯಾರೂ ತಮಾಷೆ ಮಾಡಲಿಲ್ಲ. ಮೂ ಪಾ ಮಡಚಿದ ಬಟ್ಟೆಯನ್ನು ಮೇಜಿನ ಮೇಲಿಟ್ಟಳು. ಕೈ ಕಟ್ಟಿ, ತಲೆ ತಗ್ಗಿಸಿ ಸೇ ವಾಳ ಮುಂದೆ ನಿಂತಳು.

"ಆಗ್ಲಿ," ಎಂದಳು. "ಎಷ್ಟು ಗಂಟೆಗೆ ಬರ್ಬೇಕು, ಹೇಳಿ."