ಬೊಕೆಗೆಂದು ಕಾದಿಟ್ಟ ಹೂವು

ಮದುವೆಗೆ ಇನ್ನು ನಾಲ್ಕೇ ದಿನ. ಟೈಲರಮ್ಮ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಒಂದು ತೋಳು ಹೊಲಿದು ಮುಗಿಸುವಷ್ಟರಲ್ಲಿ ಮೂರು ಸಲ ಎದ್ದು ಹಿತ್ತಲಿಗೆ ಹೋಗಿಬಂದಳು. ಹಾಗೆ ಹೋಗಿ ದುರುಗುಟ್ಟಿದರೆ ಗಿಡಗಳು ಹೆದರಿ ಮೊಗ್ಗು ಬಿಡುತ್ತವೆಯೇ? ಜಿನಿಯಾ ಹೂಗಳ ಅಂಚು ಕಂದಿತ್ತು. ಕಾಸ್ಮೋಸ್ ಗಿಡಗಳ ತುಂಬ ಸೂಜಿಯಂಥ ಕಪ್ಪು ಬೀಜ. ಹೊಸ ಮೊಗ್ಗು ಹುಡುಕಿದರೂ ಇರಲಿಲ್ಲ.

ಮದುವೆಯಾಗಲಿದ್ದ ಹುಡುಗಿ ಟೈಲರಮ್ಮನ ಗಂಡನ ಮೊದಲ ಹೆಂಡತಿಯ ಮಗಳು. ಲಂಗದ ಲಾಡಿ ಕಟ್ಟಿಕೊಳ್ಳಲು ಬಾರದ ವಯಸ್ಸಿನಿಂದ ಇವಳೇ ಸಾಕಿದ್ದು. ಹುಡುಗಿ ಎದುರು ಮಾತಾಡಿದವಳಲ್ಲ. ಬಾಯಿಬಿಟ್ಟು ಏನನ್ನೂ ಕೇಳಿದವಳೂ ಅಲ್ಲ. ಬೇಕಾದ್ದೆಲ್ಲ ಅಪ್ಪನ ಹತ್ತಿರ. ಮದುವೆಯ ಗೌನಿಗೆ ಅಳತೆ ಕೊಡುವಾಗ ಮಾತ್ರ, ಕೈ ಮೇಲೆತ್ತಿ ನಿಂತವಳು, "ಬೊಕೆ ನೀವೇ ಮಾಡ್ಕೊಡ್ತೀರಾ ಚಿಕ್ಕಮ್ಮ?" ಅಂದಿದ್ದಳು.

ಟೈಲರಮ್ಮನಿಗೆ ಆಕಾಶ ಮೂರೇ ಗೇಣು. ಆದರೆ ಖುಷಿಯನ್ನು ಮುಖದ ಮೇಲೆ ತೋರಿಸಿ ಅಭ್ಯಾಸವಿಲ್ಲದ ಜೀವ. ಬಾಯಲ್ಲಿ ಪಿನ್ನು ಕಚ್ಚಿಕೊಂಡೇ, "ನೋಡೋಣ" ಅಂದಳು.

ಮರುದಿನವೇ ಬೀಜ ತಂದು ಹಿತ್ತಲು ಅಗೆದಳು. ಹೂ ಬಿಡತೊಡಗಿದ ಮೇಲಂತೂ ಹದ್ದಿನ ಕಣ್ಣಿಟ್ಟು ಕಾದಳು. ಒಂದು ಎಸಳನ್ನೂ ಯಾರೂ ಮುಟ್ಟುವಂತಿಲ್ಲ. ಯಾಕೆ ಅಂತ ಯಾರಿಗೂ ಹೇಳಲಿಲ್ಲ, ಹೇಳಿದರೆ ದೃಷ್ಟಿಯಾದೀತು ಎಂಬ ಹಾಗೆ. ಲಿಫ್ಟ್ ರಿಪೇರಿ ಮಾಡುವ ಗಂಡ, "ಬಟ್ಟೆ ಒಣಗಿಸೋಕೂ ನಿನ್ನ ಪರ್ಮಿಷನ್ ಬೇಕಾ?" ಎಂದು ಕಾಲೆಳೆಯುತ್ತಿದ್ದ.

ಈಗ ತಡೆಯಲಾರದೆ ಒಂದು ಕೊಂಬೆ ಮುರಿದುಕೊಂಡು ಮೂಲೆಯ ಹೂವಿನಂಗಡಿಗೆ ಓಡಿದಳು. ಅಂಗಡಿಯವಳು ತಿರುಗಿಸಿ ತಿರುಗಿಸಿ ನೋಡಿದಳು.

"ಇಷ್ಟು ದಿನ ಕತ್ತರಿಸ್ತಾ ಇದ್ರಾ?"

"ಅಯ್ಯೋ ಇಲ್ಲ. ಎಲ್ಲಾ ಮದುವೆಗೆ ಅಂತ ಹಾಗೇ ಬಿಟ್ಟಿದ್ದೆ."

"ಅದೇ ಆಗಿರೋದು ನೋಡಿ. ಇವು ಕತ್ತರಿಸಿದಷ್ಟೂ ಹೂ ಬಿಡೋ ಗಿಡ. ಹಾಗೇ ಬಿಟ್ರೆ ಬೀಜ ಕಟ್ಟುತ್ತೆ. ಬೀಜ ಕಟ್ಟಿದ್ಮೇಲೆ ಅದಕ್ಕೇನು ಕೆಲಸ? ಈಗ ಕತ್ತರಿಸಿದ್ರೂ ಮದುವೆ ಹೊತ್ತಿಗೆ ಬರಲ್ಲ."

ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು. ಬಟ್ಟೆಯಾಗಿದ್ದರೆ ಹೊಲಿಗೆ ಬಿಚ್ಚಿ ಮತ್ತೆ ಹೊಲಿಯಬಹುದಿತ್ತು. ಹುಡುಗಿ ಕೇಳಿದ್ದೇ ಒಂದು, ಅದನ್ನೂ ಕೊಡಲಾಗಲಿಲ್ಲ. ಮದುವೆಯಾಗಿ ಹೋದ ಮೇಲೆ ಈ ಮನೆಯತ್ತ ತಿರುಗಿಯೂ ನೋಡಲಿಕ್ಕಿಲ್ಲ ಎಂದೂ ಹೆದರಿದಳು.

ಸಂಜೆ ಮಗಳು ಕೆಲಸದಿಂದ ಬಂದಾಗಲೂ ಅವಳು ಹಿತ್ತಲಲ್ಲೇ ಶತಪಥ ಹಾಕುತ್ತಿದ್ದಳು. ಮುಖ ಕೊಟ್ಟು ಮಾತಾಡಲಾಗದೆ ಗಿಡಗಳ ಕಡೆ ನೋಡಿಕೊಂಡೇ ಹೇಳಿಬಿಟ್ಟಳು. "ಬೊಕೆ ಆಗಲ್ಲ ಕಣೇ. ಕೈಯಾರೆ ಹಾಳ್ಮಾಡ್ದೆ."

ಮಗಳು ಹಿತ್ತಲ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದವಳು ನಿಂತಳು. "ಬೊಕೆನಾ? ಅದು ಅಂಗಡೀಲಿ ಹೇಳಾಗಿದೆಯಲ್ಲ ಚಿಕ್ಕಮ್ಮ."

"ಯಾವಾಗ ಹೇಳ್ದೆ?"

"ಹೋದ ತಿಂಗಳೇ."

ಹೋದ ತಿಂಗಳು ಈ ಗಿಡಗಳು ಮೈತುಂಬ ಹೂ ಹೊತ್ತಿದ್ದವು.

"ನೀವು ನೋಡೋಣ ಅಂದೋರು ಮತ್ತೆ ಆ ಮಾತೇ ಎತ್ತಲಿಲ್ಲ," ಅಂದಳು ಮಗಳು. "ಒಂದಿನ ಆಫೀಸ್ ಟೇಬಲ್‌ಗೆ ಅಂತ ಒಂದು ಹೂ ಕೀಳೋಕೆ ಬಂದೆ. ಕಿಟಕಿಯಿಂದಲೇ ಕೈ ತೆಗಿ ಅಂತ ಕೂಗಿದ್ರಿ. ಒಂದು ಹೂ ಕೊಡೋಕೆ ಮನಸ್ಸಿಲ್ಲದೋರ ಹತ್ರ ಬೊಕೆ ಹೇಗೆ ಕೇಳೋದು ಅನ್ನಿಸ್ತು." ಬಸ್ಸು ತಡವಾಯಿತು ಅನ್ನುವಷ್ಟೇ ಸಹಜವಾಗಿ ಹೇಳಿದಳು.

"ನಿನಗೇ ಅಂತಾನೇ ಬೆಳೆಸಿದ್ದು. ಒಂದೊಂದೂ."

"ನನಗೆ ಹೇಗೆ ಗೊತ್ತಾಗಬೇಕಿತ್ತು?"

ಟೈಲರಮ್ಮ ಒಳಗೆ ಹೋಗಿ, ಬಟ್ಟೆ ಬಿಟ್ಟು ಬೇರೇನಕ್ಕೂ ತಾಗಿಸದ ತನ್ನ ದೊಡ್ಡ ಕತ್ತರಿ ತಂದಳು. ಸ್ವಲ್ಪವಾದರೂ ಬಣ್ಣ ಉಳಿದಿದ್ದ ಹೂಗಳನ್ನೆಲ್ಲ ಸೊಟ್ಟಪಟ್ಟ ದಂಟಿನ ಸಮೇತ ಕತ್ತರಿಸಿದಳು. ಒಂದು ಹಿಡಿಯೂ ಆಗಲಿಲ್ಲ.

"ತಗೋ," ಎಂದಳು. "ನಾಳೆ ಆಫೀಸಿಗೆ ತಗೊಂಡ್ಹೋಗು."

"ನಾಳೆಯಿಂದ ನನಗೆ ರಜೆ ಚಿಕ್ಕಮ್ಮ," ಅಂದಳು ಮಗಳು. ಆದರೂ ಕೈ ಚಾಚಿದಳು.