ಶೇಖಪ್ಪನ ಕೈತುತ್ತು

ನಾನು ಒಂದು ನಾಯಿ. ಹಾಗೆಂದ ಕೂಡಲೇ ಸೈಕಲ್ ಕಂಡರೆ ಬೆನ್ನಟ್ಟುವ ಬೀದಿಯವರನ್ನು ನೆನೆಸಿಕೊಳ್ಳಬೇಡಿ. ನಾನು ಡಾಬರ್‌ಮನ್ ಜಾತಿಯವಳು. ಜಿಲ್ಲಾ ಶ್ವಾನದಳದ ದಾಖಲೆಯಲ್ಲಿ ಚಂಪಾ ಎಂದು ಹೆಸರಿತ್ತು, ಕೊರಳಲ್ಲಿ ಹಿತ್ತಾಳೆ ಬಿಲ್ಲೆಯಿತ್ತು, ಆರು ವರ್ಷಕ್ಕೂ ಹೆಚ್ಚು ಕಾಲ ಸರ್ಕಾರದ ಅನ್ನ ತಿಂದಿದ್ದೇನೆ. ಈಗ ವಯಸ್ಸು ಒಂಬತ್ತು. ಹಿಂಗಾಲುಗಳಲ್ಲಿ ಬಲವಿಲ್ಲ. ಮೂಗು ಮಾತ್ರ ಗಟ್ಟಿ, ಯಾರು ಏನೇ ಬರೆದಿಟ್ಟಿರಲಿ.

ಹುಟ್ಟಿದ್ದು ನಾಯಿ ಸಾಕಿ ಮಾರುವವರೊಬ್ಬರ ಹಿತ್ತಲಲ್ಲಿ, ಏಳು ಮರಿಗಳಲ್ಲಿ ಆರನೆಯವಳಾಗಿ. ಮೂರು ತಿಂಗಳಾಗಿದ್ದಾಗ ಪೊಲೀಸರು ಆರಿಸಿಕೊಳ್ಳಲು ಬಂದರು. ಅವರಲ್ಲೊಬ್ಬರು ಬೀಗದ ಕೈಗಳ ಗೊಂಚಲನ್ನು ನಮ್ಮ ನಡುವೆ ಧಡ್ಡೆಂದು ಎಸೆದರು. ಆರು ಮರಿಗಳು ಅಮ್ಮನ ಹೊಟ್ಟೆಯ ಕೆಳಗೆ ಸೇರಿಕೊಂಡವು. ನಾನು ಹತ್ತಿರ ಹೋಗಿ ಗೊಂಚಲನ್ನು ಮೂಸಿದೆ, ಆಮೇಲೆ ಎಸೆದವರ ಬೂಟನ್ನು ಮೂಸಿದೆ. ಅಷ್ಟಕ್ಕೇ ನನ್ನ ನೌಕರಿ ಖಾಯಂ ಆಯಿತು.

ತರಬೇತಿ ಕೇಂದ್ರದಲ್ಲಿ ಒಂಬತ್ತು ತಿಂಗಳು ಕಳೆದೆ. ಅಲ್ಲಿಯೇ ನನ್ನ ಹಗ್ಗ ಶೇಖಪ್ಪ ಎಂಬ ಕಾನ್‌ಸ್ಟೇಬಲ್‌ನ ಕೈಗೆ ಬಂತು. ಅಗಲ ಮುಖ, ದಪ್ಪ ಬೆರಳು, ಮಾತೆತ್ತಿದರೆ ನಗು. ಕಲಿತ ಪಾಠಗಳಲ್ಲಿ ಎಲ್ಲಕ್ಕಿಂತ ಕಷ್ಟವಾದದ್ದು ಬೇರೆಯವರ ಕೈಯ ಅನ್ನ ಮುಟ್ಟಬಾರದು ಎನ್ನುವುದು. ಹಸಿದಿದ್ದಾಗ ಅಪರಿಚಿತರು ಬಂದು ಮಾಂಸದ ತುಂಡು ಹಿಡಿಯುತ್ತಿದ್ದರು. ಬಾಯಿ ಹಾಕಿದರೆ ಮೂತಿಗೆ ಬೆತ್ತದ ಏಟು. ಶೇಖಪ್ಪ ಹಿಡಿದರೆ ಮಾತ್ರ ತಿನ್ನಬಹುದು. ಕಳ್ಳರು ವಿಷ ಹಾಕಬಹುದಲ್ಲ, ಅದಕ್ಕೆ ಈ ಕಟ್ಟು. ಲೋಕದಲ್ಲಿ ಇಷ್ಟು ಜನರಿದ್ದರೂ ನನ್ನ ಪಾಲಿಗೆ ನಂಬಬಹುದಾದ ಕೈ ಒಂದೇ ಎಂದು ನಾನು ಮನಸಾರೆ ಒಪ್ಪಿಕೊಂಡೆ.

ಆ ಕೈ ನನಗೆ ಹಾಕಿದ್ದೂ ಚಿನ್ನದಂಥ ಊಟವೇ. ಬೆಳಿಗ್ಗೆ ಹಾಲು, ಬೇಯಿಸಿದ ಮೊಟ್ಟೆ. ಸಂಜೆ ತೂಕ ಮಾಡಿದ ಮಾಂಸ, ಗಜ್ಜರಿ, ಅನ್ನ, ಚಿಟಿಕೆ ಅರಿಸಿನ. ಉಪ್ಪಿಲ್ಲ, ಖಾರವಿಲ್ಲ, ಒಗ್ಗರಣೆಯ ಮಾತೇ ಇಲ್ಲ. ಶೇಖಪ್ಪನ ಹೆಂಡತಿ ನೀಲವ್ವ ಒಮ್ಮೆ ನನ್ನ ತಟ್ಟೆಗೆ ಬಗ್ಗಿ ನೋಡಿ, “ಇದನ್ನ ದಿನಾ ಹ್ಯಾಂಗ ತಿಂತೈತೋ ಪಾಪ” ಎಂದಿದ್ದಳು. ಅವಳಿಗೇನು ಗೊತ್ತು. ಸಪ್ಪೆ ತಿಂದವರ ಮೂಗಿಗೆ ಲೋಕ ಎಷ್ಟು ರುಚಿಯಾಗಿರುತ್ತದೆ ಎಂಬುದು ತಿಂದವರಿಗೇ ಗೊತ್ತು. ನಿನ್ನೆ ಮಧ್ಯಾಹ್ನ ಈ ದಾರಿಯಲ್ಲಿ ಯಾರು ನಡೆದರು, ಅವರಿಗೆ ಜ್ವರವಿತ್ತೋ ಭಯವಿತ್ತೋ, ಎಲ್ಲವೂ ನನಗೆ ಗೊತ್ತಾಗುತ್ತಿತ್ತು. ನಾಲ್ಕು ವರ್ಷದಲ್ಲಿ ಹದಿನೇಳು ಪ್ರಕರಣ ಹಿಡಿದುಕೊಟ್ಟೆ. ಒಂದೂ ತಪ್ಪಲಿಲ್ಲ. ನಾಯಿ ಯಾರ ಮುಂದೆ ಕೂತಿತೋ ಅವನೇ ಕಳ್ಳ ಎಂದು ಜಿಲ್ಲೆಯ ಮಂದಿ ಮಾತಾಡುವಷ್ಟು ಹೆಸರಾಯಿತು.

ನನಗೆ ಐದು ತುಂಬಿದ ವರ್ಷ ಪೊಲೀಸ್ ನಾಯಿಗಳ ಸ್ಪರ್ಧೆಯಲ್ಲಿ ಪದಕ ಬಂತು. ಅದನ್ನು ನನ್ನ ಕೊರಳಿಗೆ ಹಾಕಿ, ಕೈ ಕುಲುಕಿದ್ದು ಶೇಖಪ್ಪನದು. ಹಿಂದಿರುಗುವಾಗ ಅವನ ಕಾಲು ನೆಲದ ಮೇಲೆ ಇರಲಿಲ್ಲ. ಸಂಜೆ ನಮ್ಮ ಊರು ಮುಟ್ಟಿದ ಮೇಲೆ ಬಸ್‌ ನಿಲ್ದಾಣದ ಎದುರಿನ ತಳ್ಳುಗಾಡಿಯ ಹತ್ತಿರ ಜೀಪು ನಿಲ್ಲಿಸಿದ. ತನಗೊಂದು ತಟ್ಟೆ ಎಗ್ ರೈಸ್, ಒಂದು ತಟ್ಟೆ ಗೋಬಿ ಮಂಚೂರಿ ತೆಗೆದುಕೊಂಡ. ಮೇಲೆ ನಾಲ್ಕು ಮಿರ್ಚಿ ಭಜಿ. ಜೀಪಿನ ಹಿಂದೆ ಬಂದು ಕುಳಿತು, ಬೆರಳ ತುದಿಯಲ್ಲಿ ಒಂದು ತುತ್ತು ತೆಗೆದು ನನ್ನ ಮುಂದೆ ಹಿಡಿದ.

“ನಾಕ ವರ್ಷ ಸಪ್ಪನ್ನ ತಿಂದೀದಿ ನಮ್ಮವ್ವ. ಇವತ್ತ ಒಂದಿನ ಬಾಯಿ ರುಚಿ ಮಾಡ್ಕೋ. ಪದಕ ತಂದವಳು ನೀನು, ಮೆರಿಯಾಂವ ನಾನು, ಇದ್ಯಾವ ನ್ಯಾಯ?”

ಮೂಗು ಬೇಡವೆಂದಿತು. ಕಾದು ಕಾದು ಕಪ್ಪಾದ ಎಣ್ಣೆ, ಕೆಂಪು ಬಣ್ಣ, ಉಪ್ಪು, ಸುಟ್ಟ ಮೆಣಸು. ಬೇರೆ ಯಾರೇ ಹಿಡಿದಿದ್ದರೂ ಮುಖ ತಿರುಗಿಸುತ್ತಿದ್ದೆ. ಆದರೆ ಹಿಡಿದದ್ದು ಆ ಕೈ, ಅದಕ್ಕೆ ಬೇಡವೆನ್ನುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ತಿಂದೆ. ಒಂದಾದ ಮೇಲೆ ಒಂದು ತುತ್ತು, ಒಂದು ತಟ್ಟೆಯಷ್ಟು. ಸುಳ್ಳು ಹೇಳುವುದಿಲ್ಲ, ನಾಲಿಗೆಗೆ ಹಬ್ಬವಾಯಿತು. ಬಾಲ ಕತ್ತರಿಸಿದ ಜಾಗ ತಾನಾಗಿಯೇ ಅಲ್ಲಾಡಿತು.

ಹಬ್ಬ ಮಾಡಿದ್ದು ನಾಲಿಗೆ, ದಂಡ ತೆತ್ತದ್ದು ಹೊಟ್ಟೆ. ಮೊದಲು ಬಾಯಾರಿಕೆ ಬಂತು. ಮೂರು ಬಟ್ಟಲು ನೀರು ಕುಡಿದರೂ ನಾಲಿಗೆ ಒಣಗಿದ ಚರ್ಮದಂತಿತ್ತು. ಆಮೇಲೆ ಹೊಟ್ಟೆ ಡೊಳ್ಳಿನಂತೆ ಬಿಗಿಯಿತು. ಒಳಗೆ ಯಾರೋ ಒದ್ದೆಬಟ್ಟೆ ಹಿಂಡುತ್ತಿರುವ ಹಾಗೆ ನುಲಿತ. ಕಿವಿಯ ಒಳಗೆ ತುರಿಕೆ, ಪಾದದಲ್ಲಿ ಬಿಸಿ. ಬೆಳಗಾಗುವ ತನಕ ಮಲಗಿದಲ್ಲೇ ಸುತ್ತು ತಿರುಗಿದೆ. ನಾಲ್ಕು ವರ್ಷ ಒಂದು ದಿನವೂ ತಕರಾರು ಮಾಡದ ಹೊಟ್ಟೆ ಆ ಒಂದು ತಟ್ಟೆಗೆ ಲಬೋ ಲಬೋ ಎಂದು ಬಾಯಿ ಬಡಿದುಕೊಂಡಿತು. ಶೇಖಪ್ಪನೂ ಅದನ್ನೇ ತಿಂದಿದ್ದ, ನನಗಿಂತ ಹೆಚ್ಚೇ ತಿಂದಿದ್ದ. ಅವನು ವಾರಕ್ಕೆ ನಾಲ್ಕು ದಿನ ತಿನ್ನುವವನು. ಅವನಿಗೆ ಬಂದದ್ದು ಒಂದು ತೇಗು.

ಬೆಳಿಗ್ಗೆ ಕರೆ ಬಂತು. ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರ ಮನೆಯಲ್ಲಿ ಚಿನ್ನ ಹೋಗಿತ್ತು. ಶೇಖಪ್ಪ ನನ್ನ ಬಟ್ಟಲು ನೋಡಿದ. ಹಾಲು ಹಾಗೆಯೇ ಇತ್ತು. ಹೊಟ್ಟೆಯ ಮೇಲೆ ಕೈಯಿಟ್ಟ, ಅದು ಗುಡುಗುಡು ಎನ್ನುತ್ತಿತ್ತು. “ತಡಿ, ಸಂಜೀಮಟ ಸುಧಾರಿಸ್ಕೊಂತಿ” ಎಂದ. ನಾಯಿಗೆ ಹುಷಾರಿಲ್ಲ ಎಂದು ಒಂದು ಮಾತು ಹೇಳಿದ್ದರೆ ಪಕ್ಕದ ಜಿಲ್ಲೆಯಿಂದ ಬೇರೆ ನಾಯಿ ಬರುತ್ತಿತ್ತು. ಹೇಳಿದ್ದರೆ ಏನು ತಿನ್ನಿಸಿದೆ ಎಂಬ ಪ್ರಶ್ನೆಯೂ ಬರುತ್ತಿತ್ತು. ಅವನು ಹಗ್ಗ ಕಟ್ಟಿದ.

ಕಳ್ಳ ಬಿಟ್ಟುಹೋದ ಕಬ್ಬಿಣದ ಸರಳನ್ನು ಮೂಸಿಸಿದರು. ವಾಸನೆ ಸಿಕ್ಕಿತು, ನೂಲಿನ ಎಳೆಯಷ್ಟು. ಹಿಡಿದು ಹೊರಟೆ. ಹತ್ತು ಗಂಟೆಯ ಬಿಸಿಲು ಸುಡುತ್ತಿತ್ತು. ಬಾಯಾರಿಕೆಗೆ ನಾಲಿಗೆ ಹೊರಗೆ ಬಿತ್ತು. ಬಾಯಿಂದ ಏದುಸಿರು ಬಿಡುವ ನಾಯಿ ಮೂಗಿನಿಂದ ಕೆಲಸ ಮಾಡಲಾರದು. ಎರಡನೆಯ ತಿರುವಿನಲ್ಲಿ ಎಳೆ ಕಡಿಯಿತು. ಆಗಲೇ ಹೊಟ್ಟೆಯೊಳಗೆ ಕತ್ತರಿ ಆಡಿಸಿದಂತಾಯಿತು. ನನಗೆ ಕಳ್ಳ ಬೇಡವಾಗಿತ್ತು, ಹುಲ್ಲು ಬೇಕಾಗಿತ್ತು. ಹೊಟ್ಟೆ ಕೆಟ್ಟರೆ ಹುಲ್ಲು ತಿನ್ನು ಎಂದು ಅಮ್ಮನ ಹಾಲಿನ ಜೊತೆಗೇ ಕಲಿತು ಬಂದಿರುತ್ತೇವೆ. ಓಣಿಯೊಂದರ ಒಳಗೆ ಚರಂಡಿ ಪಕ್ಕದಲ್ಲಿ ಕರಿಕೆ ಹುಲ್ಲು ಕಂಡಿತು. ಶೇಖಪ್ಪನನ್ನು ಎಳೆದುಕೊಂಡೇ ಓಡಿದೆ.

ನಾಲ್ಕು ಎಸಳು ನುಂಗಿದ್ದೇ ತಡ, ಎಲ್ಲವೂ ಹೊರಗೆ ಬಂತು. ಕೆಂಪು ಗೋಬಿ, ಅಗಿಯದ ಅನ್ನ, ಎಣ್ಣೆ. ಪಿಎಸ್‌ಐ ಸಾಹೇಬರು, ಓಣಿಯ ಜನ ಇನ್ನೂ ತಿರುವಿನ ಆಚೆಗಿದ್ದರು. ನೋಡಿದವನು ಶೇಖಪ್ಪ ಒಬ್ಬನೇ. ಅವನು ಹಿಂದೆ ನೋಡಿದ, ಮುಂದೆ ನೋಡಿದ, ಆಮೇಲೆ ಬೂಟುಗಾಲಿನಿಂದ ಬರಬರನೆ ಮಣ್ಣು ಎಳೆದು ಅದನ್ನೆಲ್ಲ ಮುಚ್ಚಿದ. ನನ್ನ ಹಿಂಗಾಲು ನಡುಗಿದವು. ಅಲ್ಲೇ ಇದ್ದ ಮನೆಯ ಮೆಟ್ಟಿಲ ಮುಂದೆ ಕುಳಿತುಬಿಟ್ಟೆ.

“ಕುಂತತಿ, ನಾಯಿ ಕುಂತತಿ” ಎಂದು ಜನ ಓಡಿ ಬಂದರು.

ಆ ಮನೆಯ ಬಾಗಿಲು ತೆರೆದು ಕುಕ್ಕರಿನ ಮುಚ್ಚಳ ಹಿಡಿದುಕೊಂಡೇ ಒಬ್ಬ ಸಣಕಲು ಮನುಷ್ಯ ಹೊರಗೆ ಬಂದ. ಕಾಳಪ್ಪ ಕಮ್ಮಾರ. ಸೈಕಲ್ ಮೇಲೆ ಓಣಿ ಓಣಿ ತಿರುಗಿ ಕುಕ್ಕರ್, ಸ್ಟೋವ್ ರಿಪೇರಿ ಮಾಡುವವನು. ನಾಲ್ಕು ದಿನದ ಹಿಂದೆ ಅದೇ ಮುಖ್ಯೋಪಾಧ್ಯಾಯಿನಿಯ ಅಡುಗೆಮನೆಯಲ್ಲಿ ಕೂತು ಗ್ಯಾಸಿನ ಒಲೆ ಸರಿ ಮಾಡಿದ್ದ. ಅದು ಗೊತ್ತಾದ ಮೇಲೆ ಕೇಳಬೇಕೆ?

ಪಿಎಸ್‌ಐ ಸಾಹೇಬರು ಶೇಖಪ್ಪನ ಕಡೆ ತಿರುಗಿದರು. “ಏನ್ರಿ, ಖಾತ್ರಿ ಐತೇನು?”

ಹಗ್ಗ ಹಿಡಿದ ಅಂಗೈ ಬೆವೆತಿತ್ತು. ಆ ಬೆವರಿನ ಹುಳಿವಾಸನೆ ನನ್ನ ಕೆಟ್ಟ ಮೂಗಿಗೂ ರಪ್ಪೆಂದು ಬಡಿಯಿತು. ಅವನು ನನ್ನ ಮುಖ ನೋಡಲಿಲ್ಲ.

“ಚಂಪಿ ಇಲ್ಲೀತನಕ ತಪ್ಪಿಲ್ರಿ ಸರ್.”

ಅದು ಸುಳ್ಳಲ್ಲ, ಅಲ್ಲಿಯೇ ಅದರ ಹೊಲಸು ಇರುವುದು. ಊಟ ಕೊಟ್ಟು ಕೆಡಿಸಿದ್ದನ್ನು ನಾನು ಅಂದೇ ಮರೆಯುತ್ತಿದ್ದೆ. ಪ್ರೀತಿಯಿಂದ ಕೊಟ್ಟದ್ದು, ನಾಯಿಗೆ ಅಷ್ಟೂ ತಿಳಿಯುತ್ತದೆ. ಆದರೆ ನನ್ನ ಹೊಟ್ಟೆನೋವನ್ನು ನನ್ನ ಸಾಕ್ಷಿ ಎಂದು ತೋರಿಸಿದನಲ್ಲ, ಅದನ್ನು ಮರೆಯಲು ನನಗೆ ಇಂದಿಗೂ ಆಗಿಲ್ಲ. ನನಗೆ ಮಾತಿಲ್ಲ. ನನ್ನ ಮಾತೆಲ್ಲ ಅವನೇ ಆಡಬೇಕಿತ್ತು.

ಕಾಳಪ್ಪನನ್ನು ಕರೆದೊಯ್ದರು. ಅವನ ಕೈಯಲ್ಲಿ ಮುಚ್ಚಳ ಇನ್ನೂ ಇತ್ತು. ಅಂದು ರಾತ್ರಿ ಶೇಖಪ್ಪ ಊಟ ಮಾಡಲಿಲ್ಲ. ನನ್ನ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು, “ಹೇಳಿದ್ರ ನನ್ನ ಸಸ್ಪೆಂಡ್ ಮಾಡ್ತಾರ. ನಿನ್ನ ಹಗ್ಗ ಬ್ಯಾರೇದವ್ರ ಕೈಗೆ ಹೋಗತೈತಿ. ನಿನ್ನ ಬಿಟ್ಟ ಇರಾಕ ಆಗಂಗಿಲ್ಲವಾ” ಎಂದು ಅತ್ತ. ಎದ್ದು ಹೋಗಿ ಗೋಡೆಯ ಆಚೆ ವಾಂತಿ ಮಾಡಿಕೊಂಡ. ಅವನೊಳಗೂ ಏನೋ ಒಗ್ಗಿರಲಿಲ್ಲ. ಬೆಳಿಗ್ಗೆ ಹೋಗಿ ನಿಜ ಹೇಳುತ್ತಾನೆ ಎಂದು ನಾನು ನಂಬಿದೆ. ಬೆಳಿಗ್ಗೆ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿಸಿಕೊಂಡು ಕವಾಯತಿಗೆ ಹೋದ.

ನಾಲ್ಕನೆಯ ದಿನ ಬೇರೆ ಊರಿನಲ್ಲಿ ಚಿನ್ನ ಮಾರಲು ಹೋದವನೊಬ್ಬ ಸಿಕ್ಕಿಬಿದ್ದ. ಕದ್ದದ್ದು ಅವನೇ. ಕಾಳಪ್ಪನನ್ನು ಬಿಟ್ಟರು. ಈಗ ತಪ್ಪು ಯಾರದು ಎಂಬ ಮಾತು ಬಂತು. ಪಶುವೈದ್ಯರು ನನ್ನ ಕಣ್ಣು, ಹಲ್ಲು, ಮೂಗು ಎಲ್ಲ ನೋಡಿ, “ಹಿಂದಿನ ದಿನ ಏನು ತಿಂದಿತ್ತು?” ಎಂದು ನೇರವಾಗಿ ಕೇಳಿದರು.

“ದಿನದ್ದ ರೇಷನ್ ಸರ್” ಎಂದ ಶೇಖಪ್ಪ.

ಈ ಸಲ ಪೂರಾ ಸುಳ್ಳು. ಅಂಗೈ ಬೆವೆತಿತ್ತು, ಆದರೆ ಮೊದಲಿನಷ್ಟಲ್ಲ. ಊಟ ಸರಿಯಿದ್ದು ಮೂಗು ತಪ್ಪಿದೆಯೆಂದರೆ ಮೂಗೇ ಮಂದವಾಗಿದೆ ಎಂದು ವೈದ್ಯರು ಬರೆದರು. ಮೂರು ದಿನ ಸಪ್ಪನ್ನ ತಿಂದ ನನ್ನ ಮೂಗು ಅಷ್ಟರಲ್ಲಿ ಮೊದಲಿನಂತಾಗಿತ್ತು. ಅದನ್ನು ಪರೀಕ್ಷಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಆಮೇಲೆ ಒಂದೂವರೆ ವರ್ಷ ನಾನು ಶಾಲೆಯ ಮಕ್ಕಳೆದುರು ಬೆಂಕಿಯ ಬಳೆಯೊಳಗೆ ಹಾರುವ ಕೆಲಸ ಮಾಡಿದೆ. ಹದಿನೇಳು ಕಳ್ಳರನ್ನು ಹಿಡಿದವಳು ಸರ್ಕಸ್ಸಿನವಳಾದೆ. ಕೊನೆಗೆ ಸೇವೆಯಿಂದ ಬಿಡುಗಡೆ ಮಾಡಿದಾಗ ಶೇಖಪ್ಪನೇ ಅರ್ಜಿ ಹಾಕಿ ನನ್ನನ್ನು ಮನೆಗೆ ಕರೆತಂದ. ಎಂಥ ದೊಡ್ಡ ಮನಸ್ಸು ಎಂದು ಎಲ್ಲರೂ ಹೊಗಳಿದರು.

ಮನೆಗೆ ಬಂದ ಮೇಲೆ ತೂಕದ ಊಟ ನಿಂತಿತು. ಸಂಜೆಯಾದರೆ ಶೇಖಪ್ಪ ಭಜಿ ತರುತ್ತಾನೆ, ತಾನೂ ತಿಂದು ನನಗೂ ಹಾಕುತ್ತಾನೆ. ಮೊದಲ ವಾರ ಹೊಟ್ಟೆ ಮತ್ತೆ ರಂಪ ಮಾಡಿತು. ಎರಡನೆಯ ವಾರ ಗೊಣಗಿತು. ಒಂದು ತಿಂಗಳಾದ ಮೇಲೆ ಸುಮ್ಮನಾಯಿತು. ಗುಣವಾಯಿತು ಎಂದು ನೀಲವ್ವ ಹಿಗ್ಗಿದಳು. ಗುಣವಾಗಿರಲಿಲ್ಲ, ಹೇಳಿ ಹೇಳಿ ಸಾಕಾಗಿ ಬಿಟ್ಟಿತ್ತು.

ಹೋದ ವರ್ಷ ಒಂದು ಭಾನುವಾರ ಸಂಜೆ ಕಾಳಪ್ಪ ಗೇಟಿನ ಹತ್ತಿರ ಬಂದು ನಿಂತ. ಎಡಗಾಲು ಎಳೆದು ನಡೆಯುತ್ತಿದ್ದ. ಠಾಣೆಯ ಆ ನಾಲ್ಕು ದಿನಕ್ಕೆ ಮೊದಲು ಆ ಕುಂಟು ಇರಲಿಲ್ಲ.

“ಠಾಣೆಗೆ ಬರಾಕ ಅಂಜಿಕಿ ಆತ್ರಿ ಸಾಹೇಬ್ರ. ನಾಯಿ ಮನೀಗೆ ಬಂದೈತಿ ಅಂತ ತಡಾ ಮಾಡಿ ಗೊತ್ತಾತು, ಅದಕ್ಕ ಬಂದೆ” ಎಂದ. “ಕೋರ್ಟು ಕಚೇರಿ ಎಲ್ಲಾ ನಾ ಕಳ್ಳ ಅಲ್ಲ ಅಂದಾವು. ಆದ್ರ ಓಣ್ಯಾಗಿನ ಹೆಣ್ಣಮಕ್ಕಳು ಕದಾ ತೆಗಿಯಂಗಿಲ್ರಿ. ನಾಯಿ ಸುಮ್ಮ ಕುಂದರತೈತೇನು, ಈ ಸಲ ತಪ್ಪಿಸ್ಕೊಂಡಾನ, ಹಿಂದ ಏನರ ಮಾಡಿರಬೇಕು ಅಂತಾರ. ಅಡಿಗಿ ಮನ್ಯಾಗ ಕುಂತ ಮಾಡೂ ಕೆಲಸ ನಂದು. ನಂಬಿಗಿ ಇಲ್ಲಂದ್ರ ನನಗ ಬ್ಯಾರೆ ಏನೈತಿ? ಅದು ಯಾಕ ಕುಂತಿತ್ತು ಅಂತ ನೀವೊಮ್ಮೆ ಓಣಿಗೆ ಬಂದು ಹೇಳ್ರಿ. ಅಷ್ಟ ಸಾಕು.”

ನಾನು ಎದ್ದು ಶೇಖಪ್ಪನ ಕೈ ಮೂಸಿದೆ. ಈಗ ಅವನಿಗೆ ಸಸ್ಪೆಂಡಿನ ಭಯವೂ ಇರಲಿಲ್ಲ, ಸ್ವಯಂ ನಿವೃತ್ತಿ ತೆಗೆದುಕೊಂಡು ಆರು ತಿಂಗಳಾಗಿತ್ತು. ಹೇಳು, ಎಂದು ಮನಸ್ಸಿನಲ್ಲೇ ಕೂಗಿದೆ. ಅದೊಂದು ಮಾತು ಹೇಳಿದ್ದರೆ ನಾನು ಎಲ್ಲವನ್ನೂ ಕ್ಷಮಿಸುತ್ತಿದ್ದೆ.

“ವಯಸ್ಸಾಗಿತ್ತಪಾ ಅದಕ್ಕ” ಎಂದ ಶೇಖಪ್ಪ, ಭಜಿಯ ಪೊಟ್ಟಣ ಬಿಚ್ಚುತ್ತ. “ಮೂಗು ಹೋಗಿತ್ತು. ಡಾಕ್ಟ್ರು ಬರದಾರ. ನಾ ಬಂದು ಬ್ಯಾರೆ ಏನ ಹೇಳ್ಲಿ?”

ಆ ಮೆಟ್ಟಿಲ ಮುಂದೆ ಕುಳಿತ ದಿನ ನನಗೆ ಐದೇ ವರ್ಷ. ಅವನ ಅಂಗೈಯಲ್ಲಿ ಬೆವರಿನ ವಾಸನೆ ಹುಡುಕಿದೆ. ಒಂದು ಹನಿಯೂ ಇರಲಿಲ್ಲ.

ಕಾಳಪ್ಪ ಗೇಟು ದಾಟಿ ಒಳಗೆ ಬಂದ. ಆಮೇಲೆ ಕುಂಟು ಕಾಲು ಚಾಚಿ ನನ್ನ ಪಕ್ಕ ಕಷ್ಟಪಟ್ಟು ಕುಳಿತು ನನ್ನ ತಲೆಯ ಮೇಲೆ ಕೈಯಿಟ್ಟ. ಆ ಕೈಯಲ್ಲಿ ರಬ್ಬರಿನ ವಾಸನೆ, ಮಸಿಯ ವಾಸನೆ.

“ಮೂಕ ಪ್ರಾಣಿ, ನಿನಗೇನ ಗೊತ್ತವಾ. ನಿನ್ನ ಮ್ಯಾಲ ನನಗ ಸಿಟ್ಟಿಲ್ಲ, ಹೋಗ್ಲಿ ಬಿಡು” ಎಂದ. ಎದ್ದು ಶೇಖಪ್ಪನಿಗೆ ಕೈಮುಗಿದು ಹೊರಟುಹೋದ.

ನಾನು ಮಾಡದ ತಪ್ಪಿಗೆ ನನಗೆ ಕ್ಷಮೆ ಸಿಕ್ಕಿತು. ಮಾಡಿದವನು ಪಕ್ಕದಲ್ಲೇ ಕೂತು ಅದನ್ನು ಕೇಳಿಸಿಕೊಂಡ. ಗೇಟು ಮುಚ್ಚಿದ ಸದ್ದಾದ ಮೇಲೆ ಒಂದು ಭಜಿ ಮುರಿದು, ಊದಿ ಆರಿಸಿ, ನನ್ನ ಬಾಯಿಗೆ ಹಿಡಿದ. ನಾನು ತಿಂದೆ. ಹೊಟ್ಟೆ ಏನೂ ಅನ್ನಲಿಲ್ಲ.