ಓದಿಲೋನ್ ಮುಚ್ಚಿದ ಗಾಳಿಕಿಂಡಿ

ನಮ್ಮ ಕಾಲುವೆ ಬೀದಿಯ ಕೊನೆಯ ಮನೆಯಲ್ಲಿ ಓದಿಲೋನ್ ಎಂಬ ಹಿರಿಯರು ಒಬ್ಬರೇ ಇರುತ್ತಾರೆ. ಮೊದಲು ಸರಕಿನ ದೋಣಿ ನಡೆಸುತ್ತಿದ್ದವರು. ಹೆಂಡತಿ ತೀರಿಕೊಂಡ ಮೇಲೆ ಅವರನ್ನು ಮಾತಾಡಿಸುವವರು ಕಡಿಮೆಯಾದರು.

ಕಳೆದ ಚಳಿಗಾಲದಲ್ಲಿ ಅವರಿಗೆ ದಿನವೂ ತಲೆನೋವು, ವಾಕರಿಕೆ. ಬೆಲ್ಜಿಯಂನ ಗೆಂಟ್ ನಗರದ ಬಳಿ, ನಮ್ಮೂರಿಗೆ ಹತ್ತಿರದ ಉಕ್ಕಿನ ಕಾರ್ಖಾನೆಯಲ್ಲಿ ಆಗಷ್ಟೇ ಬ್ಯಾಕ್ಟೀರಿಯಾ ಸಾಕುವ ದೊಡ್ಡ ತೊಟ್ಟಿಗಳು ಬಂದಿದ್ದವು. ಆ ಬ್ಯಾಕ್ಟೀರಿಯಾಗಳೇ ಗಾಳಿಯಲ್ಲಿ ಹಾರಿ ಬಂದು ಕಾಯಿಲೆ ತರುತ್ತಿವೆ ಎಂದು ಓದಿಲೋನ್ ನಂಬಿದರು. ಕಿಟಕಿಯ ಸಂದು, ಅಡುಗೆಮನೆಯ ಗಾಳಿಕಿಂಡಿ ಎಲ್ಲಕ್ಕೂ ಟೇಪು ಅಂಟಿಸಿ ಕಲ್ಲಿದ್ದಲ ಒಲೆಯ ಮುಂದೆ ಕುಳಿತರು. ತಲೆನೋವು ಹೆಚ್ಚಾಯಿತು. ಇನ್ನಷ್ಟು ಟೇಪು ತಂದರು.

ಒಂದು ಶನಿವಾರ ಮಧ್ಯಾಹ್ನ ಪಕ್ಕದ ಮನೆಯ ಲೀಸೆಲೋಟ್ ಪಾಳಿ ಮುಗಿಸಿ, ಕಾರ್ಖಾನೆಯ ಕೋಟಿನಲ್ಲೇ, ಸೂಪು ಹಿಡಿದು ಅವರ ಮನೆಗೆ ಹೋದಳು. ಆ ತೊಟ್ಟಿಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಒಳಗೆ ನಡೆದದ್ದನ್ನು ಆಮೇಲೆ ಅವಳೇ ಹೇಳಿದಳು.

"ಬಾಗಿಲಲ್ಲೇ ನಿಲ್ಲು ಹುಡುಗಿ. ನಿನ್ ಕ್ರಿಮಿಗಳನ್ನ ಮೈಮೇಲೆ ಹೊತ್ಕೊಂಡು ಬಂದಿದೀಯ."

"ಅವು ಊಟ ಮಾಡ್ತಿವೆ, ಬರೋಕೆ ಪುರುಸೊತ್ತಿಲ್ಲ. ಸೂಪ್ ಆರ್ತಿದೆ, ಜಾಗ ಬಿಡಿ."

"ನಗ್ತೀಯ. ಏನು ತಿಂತಾವೋ ಏನೋ."

"ನಾನೇ ಬಡಿಸೋದು, ನಂಗೊತ್ತಿಲ್ವಾ? ಕುಲುಮೆಯಿಂದ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷದ ಅನಿಲ ಬರುತ್ತೆ. ಅದನ್ನ ತಿಂದು ಎಥನಾಲ್ ಮಾಡ್ತಾವೆ. ಪೆಟ್ರೋಲಿಗೆ ಬೆರೆಸ್ತಾರೆ."

"ತಪ್ಪಿಸ್ಕೊಂಡು ಹೊರಗೆ ಬಂದ್ರೆ?"

"ನಾವು ಉಸಿರಾಡೋ ಗಾಳಿ ತಾಗಿದ್ರೆ ಅವು ಬೆಳೆಯೋದೇ ಇಲ್ಲ. ರೋಗ ತರೋ ಜಾತೀನೂ ಅಲ್ಲ."

ಮಾತಾಡುತ್ತಲೇ ಅವಳು ಅಡುಗೆಮನೆಗೆ ಕಾಲಿಟ್ಟಳು. ಕೋಟಿಗೆ ಸಿಕ್ಕಿಸಿದ್ದ ಪುಟ್ಟ ಯಂತ್ರ ಕೂಗತೊಡಗಿತು. ಆ ಅನಿಲ ಸೋರಿದರೆ ಎಚ್ಚರಿಸಲೆಂದು ಕೆಲಸಗಾರರು ಧರಿಸುವ ಯಂತ್ರ ಅದು. ಬಿಚ್ಚಿಡಲು ಮರೆತಿದ್ದಳು.

"ಏಳಿ. ಹೊರಗೆ ನಡೀರಿ."

"ಹೇಳ್ಲಿಲ್ವಾ, ಕ್ರಿಮಿಗಳು..."

"ಕ್ರಿಮಿ ಅಲ್ಲ, ಅವು ತಿನ್ನೋ ಅನಿಲ. ನಿಮ್ ಒಲೆಯಿಂದಾನೇ ಬರ್ತಿದೆ. ಕಿಂಡಿ ಮುಚ್ಚಿದೀರಿ, ಒಲೆಗೆ ಗಾಳಿ ಸಾಲ್ತಿಲ್ಲ. ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಏಳಿ."

ತೋಳು ಹಿಡಿದು ಬೀದಿಗೆ ಕರೆತಂದು ಅಗ್ನಿಶಾಮಕದವರಿಗೆ ಫೋನು ಮಾಡಿದಳು. ಆಗ ಎದುರುಮನೆಯಿಂದ ನಾನು ಕಂಬಳಿ ತೆಗೆದುಕೊಂಡು ಓಡಿಬಂದೆ.

"ಇಷ್ಟು ದಿನ ತಲೆನೋವು ಅಂತ ಯಾರಿಗೂ ಹೇಳ್ಲಿಲ್ವಾ?" ಎಂದಳು ಲೀಸೆಲೋಟ್.

"ಯಾರಿಗೆ ಹೇಳ್ಲಿ ಹುಡುಗಿ?"

ನಾನು ಕಂಬಳಿ ಹೊದಿಸಿದೆ. ಹತ್ತು ದಿನದಿಂದ ಅವರ ಕಿಟಕಿಯ ಟೇಪು ನನಗೆ ಕಾಣುತ್ತಲೇ ಇತ್ತು.

ಆಸ್ಪತ್ರೆಯಿಂದ ಬಂದ ಓದಿಲೋನ್ ತಾವೇ ಟೇಪು ಕಿತ್ತರು, ಮಸಿ ಕಟ್ಟಿ ಮೊದಲಿನಿಂದಲೂ ಅನಿಲವನ್ನು ಒಳಕ್ಕೇ ಬಿಡುತ್ತಿದ್ದ ಹೊಗೆಕೊಳವೆಯನ್ನು ಗುಡಿಸಲು ಆಳು ಕರೆಸಿದರು.

"ನಿನ್ ಕ್ರಿಮಿಗಳಲ್ಲಿ ನಾಲ್ಕು ಕೊಡು, ಒಲೆ ಹತ್ರ ಇಟ್ಕೋತೀನಿ" ಎಂದು ಲೀಸೆಲೋಟ್‌ಳನ್ನು ಕೇಳಿದರು.

"ನಾಲ್ಕಕ್ಕೆ ಏನಾಗುತ್ತೆ? ಕಿಂಡಿ ತೆರೆದಿಡಿ, ಸಾಕು."

ಓದುಗರೇ, ಈ ಅನಿಲವನ್ನು ತಿಂದು ಇಂಧನ ಮಾಡುವ ಜೀವಿಗಳು ಕಾರ್ಖಾನೆಯ ತೊಟ್ಟಿಯಲ್ಲಿವೆ, ನಮ್ಮ ಅಡುಗೆಮನೆಯಲ್ಲಿಲ್ಲ. ಸೌದೆ, ಇದ್ದಿಲು, ಗ್ಯಾಸು ಏನೇ ಉರಿಸಿದರೂ ಗಾಳಿಕಿಂಡಿ ಮುಚ್ಚಬೇಡಿ. ಒಲೆ ಉರಿಯುವಾಗ ತಲೆ ನೋಯತೊಡಗಿದರೆ ಮೊದಲು ಹೊರಗೆ ಬನ್ನಿ. ನಿಮ್ಮ ಬೀದಿಯಲ್ಲಿ ಒಬ್ಬರೇ ಇರುವವರಿಗೆ ತಲೆ ನೋಯುತ್ತಿದ್ದರೆ ಅದು ಯಾರಿಗೂ ತಿಳಿಯುವುದಿಲ್ಲ. ಇವತ್ತೇ ಹೋಗಿ ಕೇಳಿ.